ಒಂದು ಗೇಣು, ನಾಲ್ಕು ಬೆರಳು

ಮಾರ್ಚ್ 3, 1998. ಮಂಗಳವಾರ. ಡೆಲ್ಫ್ಟ್

ಪ್ರಬಂಧ ವಾಪಸು ಬಂದಿದೆ. ಫಿಸ್ಸರ್ ಮೇಡಂ ಹಸಿರು ಶಾಯಿಯಲ್ಲಿ ತಿದ್ದುತ್ತಾರೆ. ಕೆಂಪು ಶಾಯಿ ಮನಸ್ಸಿಗೆ ನೋವು ಮಾಡುತ್ತದಂತೆ. ನಲವತ್ತೆರಡನೇ ವಯಸ್ಸಿನಲ್ಲಿ ಹೋಂವರ್ಕ್ ತಿದ್ದಿಸಿಕೊಳ್ಳುವವನಿಗೆ ಯಾವ ಬಣ್ಣವಾದರೇನು. ಊರಿನಲ್ಲಿ ನಾನು ಸಹಾಯಕ ಕಾರ್ಯಪಾಲಕ ಎಂಜಿನಿಯರ್. ಕಾಗದ ನನ್ನ ಮೇಜಿಗೆ ಬರುತ್ತಿತ್ತು, ತಿದ್ದಿ ವಾಪಸು ಕಳಿಸುವವನು ನಾನಾಗಿದ್ದೆ. ಇಲ್ಲಿ ಫೆಲೋಶಿಪ್ ಮೇಲೆ ಬಂದಿರುವ ವಿದ್ಯಾರ್ಥಿ. ಬೆನ್ನಿಗೊಂದು ಚೀಲ, ಆರು ಜನಕ್ಕೆ ಒಂದು ಅಡುಗೆಮನೆ.

ನನ್ನ ವಿಷಯ ಕೆಳಕುದ್ರು ಎಂಬ ಕರಾವಳಿ ಊರಿನ ಗೇಟು. ಉಬ್ಬರದ ಉಪ್ಪುನೀರು ಗದ್ದೆಗೆ ನುಗ್ಗದಿರಲೆಂದು ಇಲಾಖೆ 1980ರಲ್ಲಿ ಕಟ್ಟಿಸಿದ್ದು. ಅದರ ಕಂಬಕ್ಕೆ ಒಂದು ಕೆಂಪು ಗೆರೆ ಬಳಿದಿದ್ದೇವೆ. ವರ್ಷದ ಅತಿ ದೊಡ್ಡ ಉಬ್ಬರದಲ್ಲೂ ನೀರು ಆ ಗೆರೆ ದಾಟದು ಎಂಬುದು ನಮ್ಮ ಲೆಕ್ಕ. ಆದರೆ ಇಲ್ಲಿನ ಕಂಪ್ಯೂಟರಿನಲ್ಲಿ ಅದೇ ಹೊಳೆಯನ್ನು ಹರಿಯಬಿಟ್ಟರೆ ನೀರು ಗೆರೆಯ ಮೇಲೆ ಮೂವತ್ತೊಂದು ಸೆಂಟಿಮೀಟರ್ ಹತ್ತಿ ನಿಲ್ಲುತ್ತದೆ. ಎರಡು ವಾರದಿಂದ, ಉಬ್ಬರವನ್ನು ತಡೆಯಲೆಂದು, ಲೆಕ್ಕದಲ್ಲಿ ಹೊಳೆಯ ತಳವನ್ನು ಒರಟು ಮಾಡುತ್ತ, ಇನ್ನಷ್ಟು ಒರಟು ಮಾಡುತ್ತ, ಹೇಗೋ ನೀರನ್ನು ಗೆರೆಯ ಮಟ್ಟಕ್ಕೆ ಇಳಿಸಿದ್ದೆ. ಮೇಡಂ ಬರೆದಿದ್ದಾರೆ: "ಇಷ್ಟು ಒರಟು ತಳ ಬೇಕಾದರೆ ಹೊಳೆಯೊಳಗೆ ಬೇಲಿ ನೆಟ್ಟಿರಬೇಕು." ಅದರ ಕೆಳಗೆ, ಕೆಂಪು ಗೆರೆಯ ಎತ್ತರದ ಅಂಕಿಗೆ ಸುತ್ತು ಹಾಕಿ, ಇನ್ನೊಂದು ಸಾಲು: "ಇದನ್ನು ಅಳೆದವರು ಯಾರು?"

ಇಲಾಖೆಯ ದಾಖಲೆ ಎಂದು ಬರೆದರಾಯಿತು.

ಮಾರ್ಚ್ ಹದಿನಾರು ಕೊನೆಯ ದಿನ. ಅಷ್ಟರೊಳಗೆ ಅಂಕಿಗಳು ಕೂಡದಿದ್ದರೆ ಪದವಿ ಇಲ್ಲ. ಹಾಜರಾಗಿದ್ದರು ಎಂಬ ಒಂದು ಸರ್ಟಿಫಿಕೇಟ್ ಹಿಡಿದುಕೊಂಡು ಊರಿಗೆ ಹೋಗಬೇಕು. ಮಹಾಬಲೇಶ್ವರ ಸಾಹೇಬರಿಗೆ ಏನೆಂದು ಮುಖ ತೋರಿಸಲಿ? ನನ್ನ ಮೊದಲ ಮೇಲಧಿಕಾರಿ ಅವರು, ಈಗ ಮುಖ್ಯ ಎಂಜಿನಿಯರ್. ಹಟ ಹಿಡಿದು ನನ್ನ ಹೆಸರನ್ನು ಇಲ್ಲಿಗೆ ಶಿಫಾರಸು ಮಾಡಿದವರು ಅವರೇ.

ಮೂವತ್ತೊಂದು ಎಂಬ ಸಂಖ್ಯೆ ಕಂಡರೆ ಪುಟ ಮಗುಚಿಬಿಡುತ್ತೇನೆ. ಕಣ್ಣಿನ ಆಯಾಸ ಇರಬೇಕು.

ಮಾರ್ಚ್ 4, ಬುಧವಾರ

ಗದ್ದೆಗೆ ಉಪ್ಪುನೀರು ಬರುತ್ತಿರುವುದಕ್ಕೆ ಕಾರಣವನ್ನು 1986ರ ತನಿಖಾ ವರದಿಯಲ್ಲಿ ಸ್ಪಷ್ಟವಾಗಿ ನಮೂದಿಸಲಾಗಿದೆ. ಊರವರು ಮೀನಿನ ಆಸೆಗೆ ಗೇಟಿನ ಹಲಗೆಗಳನ್ನು ಎತ್ತುತ್ತಾರೆ. ವರದಿಗೆ ನನ್ನದೇ ಸಹಿ. ಮೇಡಂಗೆ ಇದನ್ನೇ ಇನ್ನೊಮ್ಮೆ ವಿವರಿಸಿದೆ. "ಹಲಗೆ ಎತ್ತುವುದನ್ನು ನೀವು ನೋಡಿದ್ದೀರಾ?" ಎಂದು ಕೇಳಿದರು. ಈ ದೇಶದವರಿಗೆ ಪ್ರತಿಯೊಂದನ್ನೂ ಕಣ್ಣಾರೆ ನೋಡಬೇಕು.

ವರದಿಗೆಂದು ಹೋದ ದಿನ ರುಕ್ಮಿಣಿ ಪೂಜಾರ್ತಿ ಎಂಬಾಕೆ ಜೀಪಿಗೆ ಅಡ್ಡ ನಿಂತು ಗಲಾಟೆ ಮಾಡಿದ್ದಳು. ಅವಳ ಬಾವಿ ಉಪ್ಪಾಗಿತ್ತಂತೆ. ನೀರು ಕೆಂಪು ಗೆರೆ ದಾಟಿ ಬರುತ್ತದೆಂದು ಕಂಬದ ಮೇಲೆ ಕೈಯಲ್ಲೇ ಅಳೆದು ತೋರಿಸಿದ್ದಳು. ಕೈಯಳತೆಯನ್ನು ಸರ್ಕಾರಿ ವರದಿಯಲ್ಲಿ ಬರೆಯಲಾಗುತ್ತದೆಯೇ? ಜನ ನಿಂತು ನಕ್ಕರು, ನಾನೂ ನಕ್ಕೆ. ಹೆಂಗಸು ಕೆಟ್ಟವಳಲ್ಲ. 79ರಲ್ಲಿ ಅಲ್ಲಿ ಸರ್ವೆ ಮಾಡುವಾಗ ನಮಗೆಲ್ಲ ಮೂರು ದಿನ ಮಜ್ಜಿಗೆ ಕೊಟ್ಟವಳು ಅವಳೇ.

ಬೆನ್ನು ನೋವು. ಇವತ್ತಿಗೆ ಇಷ್ಟು ಸಾಕು.

ಮಾರ್ಚ್ 6, ಶುಕ್ರವಾರ

ಇಬ್ಬರೂ ಸೇರಿ ನನ್ನನ್ನು ನಾಳೆ ಆಮ್‌ಸ್ಟರ್‌ಡ್ಯಾಮಿಗೆ ಹೊರಡಿಸಿದ್ದಾರೆ. ಇಬ್ಬರು ಎಂದರೆ ಪ್ರತೀಕ್ ಮತ್ತು ಸಂಪ್ರೀತಾ. ಪ್ರತೀಕ್ ಬೆಂಗಳೂರಿನ ಹುಡುಗ, ಇಪ್ಪತ್ನಾಲ್ಕು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಓದುತ್ತಾನೆ, ಪಕ್ಕದ ಕೋಣೆ. ಸಂಪ್ರೀತಾ ಉಡುಪಿ ಕಡೆಯ ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕಿ, ನನ್ನದೇ ಕೋರ್ಸು, ನನಗಿಂತ ಹನ್ನೆರಡು ವರ್ಷ ಚಿಕ್ಕವರು, ಅಂಕಗಳಲ್ಲಿ ನನಗಿಂತ ಬಹಳ ದೊಡ್ಡವರು. ಇಬ್ಬರೂ ನನ್ನನ್ನು ಸರ್ ಎನ್ನುತ್ತಾರೆ. ಬೇಡ ಎಂದು ಒಮ್ಮೆ ಹೇಳಿದ್ದೆ. ಬಿಟ್ಟುಬಿಟ್ಟಾರು ಎಂಬ ಭಯದಿಂದ ಮತ್ತೆ ಹೇಳಿಲ್ಲ.

ನನಗೆ ಎಲ್ಲಿಗೂ ಹೋಗುವ ಚೈತನ್ಯವಿಲ್ಲ. ಅದನ್ನೇ ಹೇಳಿದೆ. ಸಂಪ್ರೀತಾ ಆಗ ನನ್ನ ಪ್ರಬಂಧದ ಕೊನೆಯ ಪುಟಗಳನ್ನು ಮಗುಚುತ್ತ ಕೂತಿದ್ದರು. 79ರ ಸರ್ವೆ ಪುಸ್ತಕದ ಜೆರಾಕ್ಸನ್ನು ಅಲ್ಲಿ ಸೇರಿಸಿದ್ದೇನೆ. ಅದನ್ನು ಮುಚ್ಚಿಟ್ಟು, "ಎರಡು ದಿನ ಆ ಹೊಳೆಯನ್ನು ಅದರಷ್ಟಕ್ಕೆ ಬಿಡಿ ಮಾರಾಯ್ರೆ" ಎಂದರು. ಪ್ರತೀಕ್ ಒಂದು ಪಟ್ಟಿ ತೋರಿಸಿದ. ಎರಡು ದಿನಕ್ಕೆ ಹದಿನೇಳು ಜಾಗ. ಸಾಹೇಬರ ಇನ್ಸ್‌ಪೆಕ್ಷನ್ ಟೂರಿನಲ್ಲೂ ಅಷ್ಟು ಇರುತ್ತಿರಲಿಲ್ಲ.

ಒಪ್ಪಿಕೊಂಡೆ. ಕೋಣೆಯಲ್ಲಿ ಉಳಿದರೆ ಹಸಿರು ಶಾಯಿ ನನ್ನನ್ನೇ ನೋಡುತ್ತಿರುತ್ತದೆ.

ಮಾರ್ಚ್ 7, ಶನಿವಾರ. ಆಮ್‌ಸ್ಟರ್‌ಡ್ಯಾಮ್, ಸಂಜೆ ಆರೂವರೆ

ಹಾಸ್ಟೆಲಿನ ಮೇಲಂತಸ್ತಿನ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಒಂದರ ಮೇಲೊಂದು ಮಂಚ, ಕೋಣೆಯಲ್ಲಿ ಎಂಟು ಜನ ಗಂಡಸರು. ಕೆಳಗಿನ ಮಂಚದಲ್ಲಿ ಒಬ್ಬ ಆಗಲೇ ಗೊರಕೆ ಹೊಡೆಯುತ್ತಿದ್ದಾನೆ. ಏಣಿ ಹತ್ತುವಾಗ ಪ್ರತೀಕ್ ಕೆಳಗಿನಿಂದ ನನ್ನ ಸೊಂಟಕ್ಕೆ ಕೈ ಕೊಟ್ಟ. ಸಂಪ್ರೀತಾ ಹೆಂಗಸರ ಕಡೆಗೆ ಹೋದರು. ಊಟಕ್ಕೆ ಹೊರಡಲು ಇನ್ನೂ ಅರ್ಧ ಗಂಟೆ ಇದೆ. ಕಾಲು ಚಾಚಿದರೆ ಸಾಕೆನ್ನಿಸಿದೆ.

ಬೆಳಗ್ಗೆ ರೈಲು. ಹೊರಗೆ ಚಪ್ಪಟೆ ಗದ್ದೆ, ಕಾಲುವೆ, ಮತ್ತೆ ಚಪ್ಪಟೆ ಗದ್ದೆ. ಈ ದೇಶದಲ್ಲಿ ಕಾಲುವೆಯ ನೀರು ಪಕ್ಕದ ಗದ್ದೆಗಿಂತ ಎತ್ತರದಲ್ಲಿ ಹರಿಯುತ್ತದೆ, ಹಸುಗಳು ಅದರ ಕೆಳಗೆ ನೆಮ್ಮದಿಯಾಗಿ ಮೇಯುತ್ತವೆ. ಒಬ್ಬರು ಅಳತೆ ತಪ್ಪಿದರೂ ಹಸು ತೇಲುತ್ತದೆ ಎಂದು ನಾನು ಹೇಳಿದೆ. ಪ್ರತೀಕ್ ನಕ್ಕ. ನನಗೆ ಯಾಕೋ ನಗು ಬರಲಿಲ್ಲ.

ಟ್ರ್ಯಾಮಿನಲ್ಲಿ ಸ್ಟ್ರಿಪ್ಪನ್‌ಕಾರ್ಟ್ ಎಂಬ ಉದ್ದನೆಯ ಟಿಕೆಟ್ಟನ್ನು ಮಡಿಸಿ ಮಡಿಸಿ ಯಂತ್ರದ ಬಾಯಿಗಿಟ್ಟು ಮುದ್ರೆ ಒತ್ತಿಸಬೇಕು. ನಾನು ತಪ್ಪು ಪಟ್ಟಿಗೆ ಒತ್ತಿಸಿ ಮೂರು ಸವಾರಿ ಹೆಚ್ಚಿಗೆ ಕಳೆದೆ. ಮ್ಯೂಸಿಯಂ ಮುಂದೆ ಒಂದು ಗಂಟೆ ಸಾಲು, ಮಳೆ, ಅಡ್ಡಗಾಳಿ. ಒಳಗೆ ಎರಡು ಗಂಟೆ ನಿಂತು ಸತ್ತವರ ಮುಖಗಳನ್ನು ನೋಡಿದೆವು. ಎಲ್ಲರೂ ಬಿಳಿ ಕಾಲರು ಹಾಕಿಕೊಂಡು ನನ್ನ ಲೆಕ್ಕಪತ್ರ ಶಾಖೆಯವರ ಥರ ಅಪನಂಬಿಕೆಯಿಂದ ನೋಡುತ್ತಿದ್ದರು. ಮಧ್ಯಾಹ್ನಕ್ಕೆ ಕಾಗದದ ಕೊಟ್ಟೆಯಲ್ಲಿ ಬಿಸಿ ಆಲೂಗಡ್ಡೆ, ಅದರ ಮೇಲೆ ಕಡಲೆಕಾಯಿ ಸಾಸು. ಅದೊಂದು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ನೀರಿನ ಮೇಲೆ ತೇಲುವ ಹೂವಿನ ಅಂಗಡಿಗಳು. ಅಷ್ಟರಲ್ಲಿ ನನ್ನ ಎಡಗಾಲಿನ ಕಾಲುಚೀಲ ಪೂರ್ತಿ ಒದ್ದೆ. ನನ್ನ ಚೀಲವನ್ನು ಪ್ರತೀಕನೇ ಹೊತ್ತುಕೊಂಡಿದ್ದ. ಊರಿನಲ್ಲಿ ಜವಾನ ಹೊರುತ್ತಿದ್ದುದರಿಂದ ನಾನದನ್ನು ಗಮನಿಸಿಯೇ ಇರಲಿಲ್ಲ, ಸಂಪ್ರೀತಾ ನೋಡುತ್ತಿದ್ದುದರಿಂದ ಗೊತ್ತಾಯಿತು.

ನಾಲ್ಕು ಗಂಟೆಗೆ ಸಂಪ್ರೀತಾ ಹಟ ಹಿಡಿದು ನಗರಸಭೆಯ ಕಟ್ಟಡಕ್ಕೆ ಕರೆದುಕೊಂಡು ಹೋದರು. ನೀರಿನ ವಿದ್ಯಾರ್ಥಿಗಳೆಲ್ಲ ನೋಡಲೇಬೇಕಾದದ್ದು ಎಂದು ಫಿಸ್ಸರ್ ಮೇಡಂ ತರಗತಿಯಲ್ಲಿ ಹೇಳಿದ್ದರಂತೆ. ನಾನು ಆ ದಿನ ನಿದ್ದೆ ಮಾಡಿರಬೇಕು. ಒಳಗೆ ಎತ್ತರದ ಗಾಜಿನ ಕಂಬಗಳಲ್ಲಿ ನೀರು ನಿಲ್ಲಿಸಿದ್ದಾರೆ. ಎರಡರಲ್ಲಿ ಈ ಗಳಿಗೆಗೆ ಸಮುದ್ರ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ನೀರು. ಮೂರನೆಯದರಲ್ಲಿ 1953ರ ಪ್ರವಾಹದ ನೀರು, ನನ್ನ ತಲೆಗಿಂತ ಬಹಳ ಮೇಲೆ. ಅದರ ಹತ್ತಿರ, ಕೆಳಗೆ ಮೆಟ್ಟಿಲಿಳಿದರೆ, ಒಂದು ಕಂಚಿನ ಬೋಲ್ಟಿನ ತಲೆ. ಅಷ್ಟೆ. ಈ ದೇಶದ ಎಲ್ಲ ಎತ್ತರಗಳಿಗೂ ಸೊನ್ನೆ ಅದು. ಪ್ರತಿ ಗೇಟು, ಪ್ರತಿ ಏರಿ, ಪ್ರತಿ ಮನೆಯ ಹೊಸ್ತಿಲನ್ನೂ ಇದರಿಂದ ಅಳೆಯುತ್ತಾರೆ.

ಒಬ್ಬ ತಂದೆ ಮಗಳನ್ನು ಎತ್ತಿಕೊಂಡು ಅದನ್ನು ಮುಟ್ಟಿಸುತ್ತಿದ್ದ. ಅವರು ಹೋದ ಮೇಲೆ ನಾನೂ ಮುಟ್ಟಿದೆ. ತಣ್ಣಗಿತ್ತು. ಪ್ರತೀಕ್ ಫೋಟೊ ತೆಗೆದು, "ಸಾರ್, ಸ್ಮೈಲ್ ಮಾಡಿ" ಎಂದ. ಆಗಲೇ ನನಗೆ ಕೆಳಕುದ್ರುವಿನ ಸೇತುವೆಯ ಕಲ್ಲು ನೆನಪಾದದ್ದು.

ಆ ಕಲ್ಲು ನಮ್ಮ ಸೊನ್ನೆ. ಅದರ ಎತ್ತರ ಗೊತ್ತಿತ್ತು. ಅಲ್ಲಿಂದ ಹೊರಟು, ಹೆಜ್ಜೆ ಹೆಜ್ಜೆಗೆ ಮಟ್ಟ ನೋಡುತ್ತ ಗೇಟಿನ ಜಾಗಕ್ಕೆ ಹೋಗಿ ಅಲ್ಲಿ ಉಬ್ಬರ ಮುಟ್ಟುವ ಎತ್ತರ ಹಿಡಿಯಬೇಕು, ಹಾಗೆಯೇ ಮಟ್ಟ ನೋಡುತ್ತ ವಾಪಸು ಅದೇ ಕಲ್ಲಿಗೆ ಬರಬೇಕು. ಹೊರಟ ಅಂಕಿಗೇ ಬಂದು ಮುಟ್ಟಿದರೆ ಅಳತೆ ಸರಿ. ಒಂದಿಷ್ಟು ಮಿಲಿಮೀಟರ್ ವ್ಯತ್ಯಾಸ ಬಂದೇ ಬರುತ್ತದೆ, ಅದಕ್ಕೆ ಮಾಫಿ ಇದೆ. ನಾನು ನೌಕರಿಗೆ ಸೇರಿ ಏಳು ತಿಂಗಳಾಗಿತ್ತು. ಮೂರು ದಿನ ಕೆಸರಿನಲ್ಲಿ ಹೂತು ವಾಪಸು ಬಂದಾಗ ವ್ಯತ್ಯಾಸ ಸ್ವಲ್ಪ ಹೆಚ್ಚಾಗಿತ್ತು. ಟೆಂಡರ್ ಕಾಗದ ಸೋಮವಾರ ಹೋಗಬೇಕಿತ್ತು. ಸೂಕ್ತವಾಗಿ ಸರಿಪಡಿಸಲಾಯಿತು.

ಎಲ್ಲ ಕಡೆಯೂ ಮಾಡುತ್ತಾರೆ. ಪ್ರತೀಕ್ ಊಟಕ್ಕೆ ಕರೆಯುತ್ತಿದ್ದಾನೆ.

ಮಾರ್ಚ್ 8, ಭಾನುವಾರ. ಡೆಲ್ಫ್ಟ್, ಸಂಜೆ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಬೆಳಗ್ಗೆ ಮೈಯೆಲ್ಲ ಹಿಡಿದುಕೊಂಡಿತ್ತು. ಪಟ್ಟಿಯಲ್ಲಿ ಇನ್ನೂ ಒಂಬತ್ತು ಜಾಗ. ನನ್ನನ್ನು ಎಲ್ಲಾದರೂ ಕೂರಿಸಿ ನೀವು ಹೋಗಿ ಎಂದು ಬೇಡಿಕೊಂಡೆ. ಕೂರುವುದೇ ಆದರೆ ದೋಣಿಯಲ್ಲಿ ಕೂರೋಣ ಎಂದು ಸಂಪ್ರೀತಾ ತೀರ್ಮಾನ ಮಾಡಿದರು. ಗಾಜಿನ ಮಾಡಿನ ಪ್ರವಾಸಿ ದೋಣಿ. ನಾಲ್ಕು ಭಾಷೆಯಲ್ಲಿ ಒಬ್ಬ ಹೆಂಗಸಿನ ಧ್ವನಿ ಎಡಗಡೆ ನೋಡಿ, ಬಲಗಡೆ ನೋಡಿ ಎನ್ನುತ್ತಿತ್ತು. ನಾನು ಎಡಗಡೆಯೂ ನೋಡಲಿಲ್ಲ, ಬಲಗಡೆಯೂ ನೋಡಲಿಲ್ಲ. ದಡದ ಗೋಡೆಗಳಲ್ಲಿ ನೀರಿನ ಮಟ್ಟ ಬರೆದ ಪಟ್ಟಿಗಳು ಮಾತ್ರ ಕಣ್ಣಿಗೆ ಬೀಳುತ್ತಿದ್ದವು.

ಪ್ರತೀಕ್ ಮುಂದೆ ಹೋಗಿ ಫೋಟೊ ತೆಗೆಯುತ್ತಿದ್ದ. ಸಂಪ್ರೀತಾ ತಮ್ಮ ಕಾಲೇಜಿನ ಬಗ್ಗೆ ಮಾತಾಡುತ್ತ ಕೂತರು. ಸರ್ವೆ ಪ್ರಾಕ್ಟಿಕಲ್ ಅವರದೇ ಪಾಠವಂತೆ. ಹುಡುಗರು ಬಿಸಿಲಿಗೆ ಹೆದರಿ ಮರದ ಕೆಳಗೆ ಕೂತು ಅಂಕಿಗಳನ್ನು ತುಂಬಿಸಿಕೊಂಡು ಬರುತ್ತಾರಂತೆ. ಅದನ್ನು ಹೇಗೆ ಕಂಡುಹಿಡಿಯುತ್ತೀರಿ ಎಂದು ನಾನೇ ಕೇಳಿದೆ.

"ಸುಲಭ ಸರ್. ನಿಜವಾಗಿ ಅಳೆದವರದ್ದು ನಾಲ್ಕೋ ಐದೋ ಮಿಲಿಮೀಟರ್ ಹೆಚ್ಚುಕಮ್ಮಿ ಬರ್ತದೆ. ಯಾರದ್ದು ಸರೀ ಸೊನ್ನೆ ಬಂತೋ, ಅವರು ರೀಡಿಂಗ್ ಕುಕ್ ಮಾಡಿದ್ದಾರೆ ಅಂತಲೇ ಲೆಕ್ಕ. ನಾನು ಮಾರ್ಕ್ ಕೊಡುವುದಿಲ್ಲ."

ನನ್ನ ಪ್ರಬಂಧದ ಹಿಂದಿನ ಜೆರಾಕ್ಸಿನಲ್ಲಿ ವ್ಯತ್ಯಾಸ ಸೊನ್ನೆ. ಅದನ್ನು ಅವರು ಶುಕ್ರವಾರ ನೋಡಿದ್ದಾರೆ. ಬೇಕೆಂದೇ ಹೇಳಿದರೋ, ಮಾತಿಗೆ ಬಂದು ಹೇಳಿದರೋ ತಿಳಿಯಲಿಲ್ಲ. ನನಗೆ ಮೈ ಉರಿಯಿತು. ನಿಮ್ಮ ಪಾಠ ನಿಮ್ಮ ಹುಡುಗರಿಗೆ ಇಟ್ಟುಕೊಳ್ಳಿ, ಇಪ್ಪತ್ತು ವರ್ಷ ಫೀಲ್ಡಿನಲ್ಲಿ ಸವೆದವನಿಗೆ ಬೇಡ ಎಂದುಬಿಟ್ಟೆ. ಅವರು ಕಿಟಕಿಯ ಕಡೆ ತಿರುಗಿ ಕೂತರು. ಧ್ವನಿ ಬಲಗಡೆ ನೋಡಿ ಎಂದಿತು, ಇಬ್ಬರೂ ಎಡಗಡೆ ನೋಡುತ್ತಿದ್ದೆವು.

ದೋಣಿ ಇಳಿದ ಮೇಲೆ ಪ್ರತೀಕ್ ಚೀಸ್ ಅಂಗಡಿಗೆ ಹೋದ. ನಾವಿಬ್ಬರೂ ಕಾಲುವೆಯ ಪಕ್ಕದ ಬೆಂಚಿನ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತೆವು. ಸುಸ್ತಾದಾಗ ಮನುಷ್ಯನಿಗೆ ಸುಳ್ಳನ್ನು ಹಿಡಿದುಕೊಳ್ಳುವ ಶಕ್ತಿಯೂ ಇರುವುದಿಲ್ಲ. ನಾನು ನೀರನ್ನು ನೋಡುತ್ತ ಹೇಳಿದೆ.

ವ್ಯತ್ಯಾಸ ಸ್ವಲ್ಪ ಅಲ್ಲ. ಮೂವತ್ತೊಂದು ಸೆಂಟಿಮೀಟರ್ ಇತ್ತು. ಎಲ್ಲೋ ಹೋಗುವಾಗ ಅಥವಾ ಬರುವಾಗ ತಪ್ಪಾಗಿತ್ತು. ಯಾವುದೆಂದು ತಿಳಿಯಲು ಮತ್ತೆ ಮೂರು ದಿನ ಕೆಸರು ತುಳಿಯಬೇಕಿತ್ತು. ಮಹಾಬಲೇಶ್ವರ ಸಾಹೇಬರು ಹೊಂದಿಸಿಬಿಡು ಎಂದರು. ಪ್ರವಾಸಿ ಮಂದಿರದ ವರಾಂಡದಲ್ಲಿ ಕೂತು ಬರುವಾಗಿನ ಅಂಕಿಗಳನ್ನೆಲ್ಲ ತಿದ್ದಿ, ಹೊಸ ಪುಸ್ತಕದಲ್ಲಿ ಅಂದವಾಗಿ ನಕಲು ಮಾಡಿದೆ. ಹಳೆಯ ಪುಸ್ತಕವನ್ನು ಸ್ನಾನದ ಹಂಡೆಯ ಒಲೆಗೆ ಹಾಕಿದೆ. ತಪ್ಪಿದ್ದದ್ದು ಹೋಗುವಾಗಿನ ಅಂಕಿಯಲ್ಲಿ. ಉಬ್ಬರದ ಎತ್ತರ ಅಷ್ಟು ಕಡಿಮೆ ದಾಖಲಾಗಿ, ಹಾಗೇ ಉಳಿಯಿತು. ಗೇಟು ಇರಬೇಕಾದ್ದಕ್ಕಿಂತ ಮೂವತ್ತೊಂದು ಸೆಂಟಿಮೀಟರ್ ಕೆಳಗೆ ಕೂತಿದೆ. ಗೆರೆಯೂ ಅಷ್ಟೇ ಕೆಳಗಿದೆ. ಹದಿನೆಂಟು ವರ್ಷದಿಂದ ಉಪ್ಪುನೀರು ಅದರ ಮೇಲೆ ಹಾದು ಗದ್ದೆಗೆ, ಬಾವಿಗೆ ಹೋಗುತ್ತಿದೆ. ಹಲಗೆ ಎತ್ತುತ್ತಾರೆ ಎಂದು ನಾನು ಊರವರ ಮೇಲೆ ವರದಿ ಬರೆದೆ. ಒಬ್ಬರೂ ಎತ್ತಿದ್ದನ್ನು ನಾನು ನೋಡಿಲ್ಲ.

ಇಷ್ಟು ಹೇಳಿದ ಮೇಲೆ ಅವರು ಸಮಾಧಾನದ ಮಾತಾಡುತ್ತಾರೆಂದು ಕಾದೆ.

"ಕಂಪ್ಯೂಟರ್ ಮೂವತ್ತೊಂದು ಅಂದ ದಿನವೇ ನಿಮಗೆ ಗೊತ್ತಾಗಿತ್ತಲ್ಲ ಸರ್?" ಎಂದರು.

ಗೊತ್ತಾಗಿತ್ತು. ಹೌದು. ಈ ಪುಸ್ತಕದಲ್ಲೂ ನಾನು ನನಗೇ ಅದನ್ನು ಹೇಳಿಕೊಂಡಿರಲಿಲ್ಲ.

ಪ್ರತೀಕ್ ಚೀಸ್ ತುಂಡುಗಳನ್ನು ಹಲ್ಲುಕಡ್ಡಿಗೆ ಚುಚ್ಚಿಕೊಂಡು ಬಂದ. ಏನಾಯಿತೆಂದು ಅವನಿಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಉಳಿದ ಜಾಗಗಳನ್ನು ಪಟ್ಟಿಯಲ್ಲಿ ತಾನಾಗಿಯೇ ಹೊಡೆದು ಹಾಕಿ, ರೈಲಿಗೆ ಹೋಗೋಣ ಎಂದ. ಸ್ಟೇಷನ್ನಿನಲ್ಲಿ ಚೀಲ ನಾನೇ ತೆಗೆದುಕೊಂಡೆ. ಅವನ ಹೆಗಲೂ ನೋಯುತ್ತಿರಬೇಕು.

ಮಾರ್ಚ್ 9, ಸೋಮವಾರ

ಏನೂ ಮಾಡಲಿಲ್ಲ. ಕಾಲಿಗೆ ಬಿಸಿನೀರು.

ಮಾರ್ಚ್ 11, ಬುಧವಾರ

ಮಧ್ಯಾಹ್ನ ಕಾರ್ಡ್ ಹಾಕಿ ಮಹಾಬಲೇಶ್ವರ ಸಾಹೇಬರ ಕಚೇರಿಗೆ ಫೋನ್ ಮಾಡಿದೆ. ಅವರಿಗೆ ತಿಳಿಸದೆ ಬರೆಯುವುದು ಸರಿಯಲ್ಲ ಅನ್ನಿಸಿತು. ಮೊದಲು ಕ್ಷೇಮ ವಿಚಾರಿಸಿದರು. ಚಳಿಗೆ ಮಂಕಿ ಟೋಪಿ ಹಾಕಿಕೋ ಎಂದರು. ಆಮೇಲೆ ನಾನು ವಿಷಯ ಹೇಳಿದೆ.

"ಜೂನ್‌ಗೆ ನಾನು ರಿಟೈರ್ ಆಗ್ತಿದೀನಿ ಕಣಯ್ಯ. ಹತ್ತೊಂಬತ್ತು ವರ್ಷದ ಹಿಂದಿನ ಬುಕ್ಕು ಯಾರು ಕೇಳ್ತಾರೆ? ಅವತ್ತು ಹೊಂದಿಸಿದೆಯಲ್ಲ, ಇವತ್ತೂ ಹೊಂದಿಸು."

ಸಿಟ್ಟಿನಿಂದ ಹೇಳಲಿಲ್ಲ. ಬೇಡಿಕೊಂಡ ಹಾಗೆ ಹೇಳಿದರು, ಅದೇ ಕಷ್ಟವಾಯಿತು. ನನ್ನ ಹೆಂಡತಿ ವಿಜಯಾಳ ಹೆರಿಗೆ ಕಷ್ಟವಾದ ದಿನ ತಮ್ಮ ಜೀಪು ಕೊಟ್ಟು, ತಾವು ಬಸ್ಸಿನಲ್ಲಿ ಮನೆಗೆ ಹೋದ ಮನುಷ್ಯ ಅವರು. ನನ್ನ ಮಗಳಿಗೆ ಹೆಸರಿಟ್ಟ ದಿನ ಬೆಳ್ಳಿ ಬಟ್ಟಲು ತಂದವರು. ಅವರನ್ನು ನಾನು ಹೇಗೆ ಬೀದಿಗೆ ತರಲಿ?

ಯೋಚನೆ ಮಾಡುತ್ತೇನೆ ಎಂದೆ. ಕಾರ್ಡ್ ಮುಗಿದು ಫೋನ್ ತಾನಾಗಿಯೇ ಕಟ್ಟಾಯಿತು.

ಹೊಳೆಯ ತಳ ಇನ್ನೂ ಸ್ವಲ್ಪ ಒರಟಾಗಿದೆ ಎಂದು ತೋರಿಸಲು ಎರಡು ಹಳೆಯ ಪುಸ್ತಕಗಳ ಆಧಾರ ಕೊಡಬಹುದು. ಕೊಟ್ಟರೆ ಮೇಡಂ ಪೂರ್ತಿ ಒಪ್ಪದಿದ್ದರೂ ತೇರ್ಗಡೆ ಮಾಡಿಬಿಡುತ್ತಾರೆ. ಒಂದು ದಿನದ ಕೆಲಸ.

ಮಾರ್ಚ್ 13, ಶುಕ್ರವಾರ

ಆ ಒಂದು ದಿನದ ಕೆಲಸವನ್ನು ನಿನ್ನೆ ಮಾಡಿ ಮುಗಿಸಿದೆ. ನೀರು ಗೆರೆಗಿಂತ ಎರಡು ಸೆಂಟಿಮೀಟರ್ ಕೆಳಗೆ ನಿಂತಿತು. ಪ್ರಿಂಟು ತೆಗೆದು ಮೇಜಿನ ಮೇಲೆ ಇಟ್ಟಿದ್ದೇನೆ. ನೋಡಲು ಅಂದವಾಗಿದೆ. 79ರಲ್ಲೂ ನನ್ನ ಕೈಬರಹ ಅಂದವಾಗಿತ್ತು.

ಇವತ್ತು ವಿಜಯಾ ಫೋನ್ ಮಾಡಿದ್ದಳು. ಎಲ್ಲ ಹೇಳಿಬಿಟ್ಟೆ. ಬಡ್ತಿ ಹೋಗಬಹುದು, ವಿಚಾರಣೆ ಬರಬಹುದು, ಸಾಹೇಬರ ಪಿಂಚಣಿಗೆ ಕಲ್ಲು ಬೀಳಬಹುದು ಎಂದು ಒಂದೊಂದಾಗಿ ವಿವರಿಸಿದೆ. ಅವಳು ಅದ್ಯಾವುದನ್ನೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ಆಯಮ್ಮನ ಬಾವಿ ಈಗ್ಲೂ ಉಪ್ಪೇ ಇದೆಯಾ?" ಎಂದಳು.

ನನಗೆ ಗೊತ್ತಿಲ್ಲ ಎಂದೆ. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಹೋಗಿ ನೋಡಿಲ್ಲ. ಹಾಗಾದರೆ ಅವರು ಕುಡಿಯೋಕೆ ನೀರು ಎಲ್ಲಿಂದ ತರ್ತಾರೆ ಎಂದು ಕೇಳಿದಳು. ಅದೂ ನನಗೆ ಗೊತ್ತಿರಲಿಲ್ಲ.

ಫೋನ್ ಇಟ್ಟ ಮೇಲೆ 86ರ ಆ ಬೆಳಗ್ಗೆ ಪೂರ್ತಿಯಾಗಿ ನೆನಪಿಗೆ ಬಂತು. ರುಕ್ಮಿಣಿಯವರು ಜೀಪಿಗೆ ಅಡ್ಡ ನಿಂತದ್ದಲ್ಲ. ಜೀಪಿನ ಪಕ್ಕದಲ್ಲಿ ಒಂದು ಚೊಂಬು ಹಿಡಿದು ನಿಂತಿದ್ದರು. ನಾನು ಇಳಿದ ತಕ್ಷಣ ಕುಡಿದು ಕಾಣಿ ಎಂದರು. ಮಜ್ಜಿಗೆ ಎಂದುಕೊಂಡು ಬಾಯಿಗಿಟ್ಟೆ, ಬಾವಿಯ ನೀರು. ಉಗುಳಿದೆ. ಆಮೇಲೆ ಅವರು ಕಂಬದ ಹತ್ತಿರ ಹೋಗಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಂಪು ಗೆರೆಯ ಮೇಲೆ ಕೈ ಹರಡಿ ಅಳೆದರು. ನಿಧಾನವಾಗಿ, ಜಾರದ ಹಾಗೆ.

"ಒಂದ್ ಗೇಣು, ನಾಲ್ಕ್ ಬೆರಳ್. ಬರ್ಕಣಿ ಮಾರಾಯ್ರೆ."

ನಾನು ಬರೆದುಕೊಳ್ಳಲಿಲ್ಲ.

ಮಾರ್ಚ್ 15, ಭಾನುವಾರ

ಅಡುಗೆಮನೆಯ ಮೇಜಿನ ಮೇಲೆ ಪ್ರತೀಕನ ಸ್ಕೇಲು ಇಟ್ಟು ನನ್ನ ಕೈ ಹರಡಿದೆ. ಗೇಣು ಇಪ್ಪತ್ತಮೂರು, ನಾಲ್ಕು ಬೆರಳು ಎಂಟೂವರೆ. ಒಟ್ಟು ಮೂವತ್ತೊಂದೂವರೆ. ಸಂಪ್ರೀತಾ ಅನ್ನಕ್ಕೆ ಇಟ್ಟು ನಿಂತಿದ್ದರು. ಅವರ ಕೈಯನ್ನೂ ಅಳೆದೆ. ಇಪ್ಪತ್ತೆಂಟು. ರುಕ್ಮಿಣಿಯವರ ಕೈ ನಮ್ಮಿಬ್ಬರ ನಡುವಿನದು, ಗದ್ದೆ ಕೆಲಸದ ದೊಡ್ಡ ಕೈ. ಮೂವತ್ತರ ಆಚೀಚೆ ಒಂದು ಸೆಂಟಿಮೀಟರ್ ಇರಬಹುದು.

"ಸೊನ್ನೆ ಬರಲಿಲ್ಲ" ಎಂದೆ.

"ಹಾಗಾದ್ರೆ ಮಾರ್ಕ್ ಕೊಡಬಹುದು" ಎಂದು ಸಂಪ್ರೀತಾ ಕುಕ್ಕರಿನ ಮುಚ್ಚಳ ಹಾಕಿದರು.

ದೋಣಿಯಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಿದೆ. ಯಾವ ಮಾತು ಎಂದರು. ಪ್ರತೀಕ್ ಬಂದು, ಮೊದಲ ಸಲ ಸರ್ ಎನ್ನದೆ ನನ್ನ ಹೆಸರು ಹಿಡಿದು, ಏನು ಅಳೀತಿದೀರಿ ಜಯದೇವ್, ಊಟ ರೆಡಿನಾ ಎಂದು ಕೇಳಿದ. ಅನ್ನ ಬಡಿಸಿದೆ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದ. ಹೆಚ್ಚೇ ಆಗಿತ್ತು. ಸಾರು ಮಾಡಿದವನು ನಾನು.

ಮಾರ್ಚ್ 16, ಸೋಮವಾರ

ಗುರುವಾರದ ಪ್ರಿಂಟನ್ನು ಹರಿದು ಹಾಕಿದೆ. ಹೊಳೆಯ ತಳವನ್ನು ಇದ್ದ ಹಾಗೆ ಬಿಟ್ಟು, ನೀರನ್ನು ಅದು ಹತ್ತುವಷ್ಟು ಹತ್ತಲು ಬಿಟ್ಟು, ಬೆಳಗ್ಗೆ ಹತ್ತು ಗಂಟೆಗೆ ಪ್ರಬಂಧ ಕೊಟ್ಟೆ. ಹೊಸದಾಗಿ ಸೇರಿಸಿದ್ದು ಎರಡು ಪುಟ. ಸಂಪ್ರೀತಾ ಇಂಗ್ಲಿಷ್ ನೋಡಿಕೊಟ್ಟರು.

ಆ ಎರಡು ಪುಟದಲ್ಲಿ ಮೊದಲು ಮೇಲಧಿಕಾರಿಯ ಸೂಚನೆಯಂತೆ ಎಂದು ಬರೆದಿದ್ದೆ. ಸಾಹೇಬರ ಹೆಸರೂ ಇತ್ತು. ಆಮೇಲೆ ಹೊಡೆದು ಹಾಕಿದೆ. ಅವರನ್ನು ಉಳಿಸಲು ಎಂದೇ ಅಲ್ಲ. ಆ ಮಧ್ಯಾಹ್ನ ವರಾಂಡದಲ್ಲಿ ಪೆನ್ನು ಹಿಡಿದ ಕೈ ನನ್ನದು. ಅವರನ್ನು ಕೇಳಿದಾಗ ಅವರು ತಮ್ಮದನ್ನು ಹೇಳಿಕೊಳ್ಳಲಿ. 86ರ ನನ್ನ ವರದಿಯಲ್ಲಿ ಊರವರ ಮೇಲೆ ಬರೆದದ್ದು ಸುಳ್ಳು, ಅದನ್ನು ರದ್ದು ಮಾಡಬೇಕು, ಗೇಟನ್ನು ಎತ್ತರಿಸಬೇಕು ಎಂದು ಇಲಾಖೆಗೆ ಒಂದು ಪತ್ರ. ಅದರ ಪ್ರತಿ ಕೆಳಕುದ್ರುವಿನ ಪಂಚಾಯಿತಿಗೆ, ಕನ್ನಡದಲ್ಲಿ. ಇನ್ನೊಂದು ಪ್ರತಿ ರುಕ್ಮಿಣಿಯವರ ಹೆಸರಿಗೆ. ಈಗ ಅರವತ್ತು ದಾಟಿರಬೇಕು. ಇದ್ದಾರೋ ಇಲ್ಲವೋ ತಿಳಿಯದು. ಓದಿ ಹೇಳುವವರು ಯಾರಾದರೂ ಇರುತ್ತಾರೆ.

ಫಿಸ್ಸರ್ ಮೇಡಂ ನಿಂತುಕೊಂಡೇ ಆ ಎರಡು ಪುಟ ಓದಿದರು. ಮತ್ತೆ ಕೂತು ಇನ್ನೊಮ್ಮೆ ಓದಿದರು. ಹಾಗಾದರೆ ನಿಮ್ಮ ಲೆಕ್ಕ ಮೊದಲಿನಿಂದಲೂ ಸರಿಯೇ ಇತ್ತು ಎಂದರು. ಪದವಿ ಸಿಗುತ್ತದೆ ಎಂದು ಇದರ ಅರ್ಥ ಇರಬೇಕು. ಸಂತೋಷವಾಗಬೇಕಿತ್ತು, ಆಗಲಿಲ್ಲ. ಕೆಲಸ ಹೋದೀತೇ ಎಂದು ಹೆದರಿಕೆ ಇದೆ, ಮಹಾಬಲೇಶ್ವರ ಸಾಹೇಬರಿಗೆ ಮತ್ತೆ ಫೋನ್ ಮಾಡಲು ಹೊಸ ಕಾರ್ಡ್ ಕೊಂಡಿಲ್ಲ. ನಿದ್ದೆ ಮಾತ್ರ ಬರುತ್ತಿದೆ, ಮಧ್ಯಾಹ್ನ ಮೂರು ಗಂಟೆಗೇ.

ಮಲಗುವ ಮುಂಚೆ ಇದೊಂದನ್ನು ಇಲ್ಲೂ ನಕಲು ಮಾಡಿಡುತ್ತೇನೆ. ಇದನ್ನು ಅಳೆದವರು ಯಾರು ಎಂಬ ಹಸಿರು ಶಾಯಿಯ ಪ್ರಶ್ನೆಗೆ ಕೋಷ್ಟಕದಲ್ಲಿ ನಾನು ಬರೆದ ಉತ್ತರ:

ಕೆಂಪು ಗೆರೆಯ ಎತ್ತರ. ಅಳೆದವರು: ಜಯದೇವ, ಕಿರಿಯ ಎಂಜಿನಿಯರ್, 1979. ತಪ್ಪು.

ಕೆಂಪು ಗೆರೆಯ ಮೇಲೆ ನೀರು. ಅಳೆದವರು: ರುಕ್ಮಿಣಿ ಪೂಜಾರ್ತಿ, ಕೆಳಕುದ್ರು, 1986. ಒಂದು ಗೇಣು, ನಾಲ್ಕು ಬೆರಳು. ಸರಿ.